ಮನೆಯ ಗಣಕಗಳೆಲ್ಲಕ್ಕೂ ಒಂದೇ ಡಿಸ್ಕ್: ಬ್ಯಾಕಪ್ ಇಡುವ ಕ್ರಮ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಮನೆಗೊಂದೇ ಗಣಕಯಂತ್ರವಿದ್ದ ಕಾಲ ಮುಗಿದು ಬಹಳ ವರ್ಷಗಳಾದವು. ಹಾಲ್‌ನ ಮೂಲೆಯಲ್ಲಿ ಹಳೆಯ ಡೆಸ್ಕ್‌ಟಾಪ್, ಕಛೇರಿಗೆ ಹೋಗುವವರ ಬಳಿ ಒಂದೊಂದು ಲ್ಯಾಪ್‌ಟಾಪ್, ಕಾಲೇಜಿನ ಮಕ್ಕಳಿಗೆ ಇನ್ನೊಂದು, ಹೀಗೆ ಮೂರು ನಾಲ್ಕು ಯಂತ್ರಗಳಿರುವುದು ಈಗ ಸಾಮಾನ್ಯ. ಮಗುವಿನ ನಾಮಕರಣದಿಂದ ಅಜ್ಜನ ಷಷ್ಟ್ಯಬ್ದಿಯವರೆಗಿನ ಛಾಯಾಚಿತ್ರಗಳು, ಆದಾಯ ತೆರಿಗೆಯ ವಿವರಗಳು, ಊರಿನ ಜಮೀನಿನ ಪಹಣಿಯ ಪ್ರತಿ, ಅಮ್ಮ ಹಾಡಿದ ದೇವರನಾಮಗಳ ಧ್ವನಿಮುದ್ರಣ ಇವೆಲ್ಲವೂ ಈ ಯಂತ್ರಗಳಲ್ಲಿ ಹಂಚಿಹೋಗಿವೆ. ಯಾವುದು ಯಾವುದರಲ್ಲಿದೆ ಎಂಬುದು ಮನೆಯವರಿಗೇ ಖಚಿತವಾಗಿ ತಿಳಿದಿರುವುದಿಲ್ಲ. ಆ ಯಂತ್ರ ಕೆಟ್ಟ ದಿನವಷ್ಟೇ ತಿಳಿಯುತ್ತದೆ.

ಹಳೆಯ ಹಾರ್ಡ್ ಡಿಸ್ಕುಗಳು ಕೆಡುವ ಮೊದಲು ಕಟಕಟ ಸದ್ದು ಮಾಡಿಯೋ ನಿಧಾನವಾಗಿಯೋ ಮುನ್ಸೂಚನೆ ಕೊಡುವುದಿತ್ತು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿರುವ ಎಸ್‌ಎಸ್‌ಡಿಗಳು ಬಹುಪಾಲು ಯಾವ ಸೂಚನೆಯನ್ನೂ ಕೊಡದೆ ಒಮ್ಮೆಗೇ ನಿಂತುಬಿಡುತ್ತವೆ. ಅಳಿಸಿದ ಕಡತವನ್ನು ಮರಳಿ ಪಡೆಯುವುದೂ ಅವುಗಳಲ್ಲಿ ಕಷ್ಟ. ಏಕೆಂದರೆ ಬೇಡವಾದ ಜಾಗವನ್ನು ಅವು ಹಿನ್ನೆಲೆಯಲ್ಲಿ ತಾವೇ ತೊಳೆದಿಡುತ್ತವೆ. ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಆಗಿದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ, ಮೈಕ್ರೋಸಾಫ್ಟ್ ಖಾತೆಯ ಮೂಲಕ ಪ್ರವೇಶಿಸಿದರೆ ಸಾಮಾನ್ಯವಾಗಿ ಇಡೀ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗುತ್ತದೆ. ಕಳ್ಳತನದ ವಿರುದ್ಧ ಇದು ಒಳ್ಳೆಯ ರಕ್ಷಣೆಯೇ. ಆದರೆ ಯಂತ್ರದ ಮದರ್‌ಬೋರ್ಡ್ ಸುಟ್ಟುಹೋದಾಗ ಡಿಸ್ಕನ್ನು ಬಿಚ್ಚಿ ಇನ್ನೊಂದು ಗಣಕಕ್ಕೆ ಜೋಡಿಸಿ ಓದುವ ಹಳೆಯ ಉಪಾಯ 48 ಅಂಕಿಗಳ ಕೀಲಿಯಿಲ್ಲದೆ ಇಲ್ಲಿ ನಡೆಯದು. ಆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಇಂದೇ ಅದನ್ನು ಕಾಗದದ ಮೇಲೆ ಬರೆದಿಡುವುದು ಲೇಸು. ದತ್ತಾಂಶ ಮರುಗಳಿಸಿಕೊಡುವ ಪ್ರಯೋಗಾಲಯಗಳು ನಗರಗಳಲ್ಲಿವೆಯಾದರೂ ಅವುಗಳ ಶುಲ್ಕ ದುಬಾರಿ, ಫಲವೂ ನಿಶ್ಚಿತವಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಬಾರದೆಂದರೆ ಮೊದಲೇ ಒಂದು ಪ್ರತಿ ಬೇರೆಡೆ ಇರಬೇಕು.

ಯಂತ್ರಕ್ಕೊಂದು ಬಾಹ್ಯ ಡಿಸ್ಕ್ ಕೊಳ್ಳುವುದಕ್ಕಿಂತ ಇಡೀ ಮನೆಗೆ ಒಂದೇ ದೊಡ್ಡ ಡಿಸ್ಕ್ ಕೊಳ್ಳುವುದು ಅಗ್ಗ, ನೆನಪಿಡುವುದೂ ಸುಲಭ. ಆದರೆ ಹಾಗೆ ಮಾಡಿದಾಗ ಎಲ್ಲರ ಗಂಟೂ ಒಂದೇ ಪೆಟ್ಟಿಗೆಗೆ ಸೇರುತ್ತದೆ ಎಂಬುದನ್ನು ಮರೆಯಬಾರದು. ಒಬ್ಬರ ಕಡತ ಇನ್ನೊಬ್ಬರದರ ಮೇಲೆ ಕೂರಬಹುದು, ಒಬ್ಬರ ಚಲನಚಿತ್ರಗಳು ಇತರರ ಜಾಗವನ್ನು ನುಂಗಬಹುದು, ಒಂದೇ ತಪ್ಪು ಒತ್ತಿನಿಂದ ಎಲ್ಲರದೂ ಅಳಿಯಬಹುದು. ಆದ್ದರಿಂದ ಹಂಚಿಕೊಂಡ ಡಿಸ್ಕಿಗೆ ಒಬ್ಬರ ಡಿಸ್ಕಿಗಿಂತ ಹೆಚ್ಚಿನ ಶಿಸ್ತು ಬೇಕು.

ಎಷ್ಟು ದೊಡ್ಡದು ಬೇಕು?

ಗಣಕದ ಒಟ್ಟು ಸಾಮರ್ಥ್ಯವನ್ನಲ್ಲ, ಉಳಿಸಬೇಕಾದ ಕಡತಗಳ ಗಾತ್ರವನ್ನು ಲೆಕ್ಕ ಹಾಕಬೇಕು. ಉದಾಹರಣೆಗೆ ತಂದೆಯ ಡೆಸ್ಕ್‌ಟಾಪ್‌ನಲ್ಲಿ 180 ಗಿಗಾಬೈಟ್, ಮಗಳ ಲ್ಯಾಪ್‌ಟಾಪ್‌ನಲ್ಲಿ 90, ಮಗನದರಲ್ಲಿ 250 ಇದ್ದರೆ ಒಟ್ಟು 520 ಆಯಿತು. ಕಡತಗಳ ಹಳೆಯ ಆವೃತ್ತಿಗಳೂ ಉಳಿಯಬೇಕಾದ್ದರಿಂದ ಇದರ ಎರಡರಷ್ಟು ಜಾಗವಿರಲಿ. ಆಗ 1 ಟೆರಾಬೈಟ್ ಡಿಸ್ಕ್ ಸಾಲದು. ಅಂಗಡಿಯವನು 1 ಟೆರಾಬೈಟ್ ಎಂದು ಕೊಟ್ಟದ್ದನ್ನು ವಿಂಡೋಸ್ 931 ಗಿಗಾಬೈಟ್ ಎಂದು ತೋರಿಸುತ್ತದೆ. ಇದರಲ್ಲಿ ಮೋಸವೇನಿಲ್ಲ: ತಯಾರಕರು ಸಾವಿರದ ಗುಣಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ. ಈ ಉದಾಹರಣೆಯ ಮನೆಗೆ 2 ಟೆರಾಬೈಟ್ ತಕ್ಕದ್ದು.

ಈ ಕೆಲಸಕ್ಕೆ ತಿರುಗುವ ತಟ್ಟೆಯಿರುವ ಎರಡೂವರೆ ಇಂಚಿನ ಸಾಧಾರಣ ಡಿಸ್ಕೇ ಸಾಕು. ಅದಕ್ಕೆ ಬೇರೆ ವಿದ್ಯುತ್ ಸಂಪರ್ಕ ಬೇಡ, ಯುಎಸ್‌ಬಿ ತಂತಿಯಿಂದಲೇ ನಡೆಯುತ್ತದೆ. ಎಸ್‌ಎಸ್‌ಡಿ ವೇಗವಾದದ್ದು, ಬಿದ್ದರೂ ತಡೆಯುವಂಥದ್ದು. ಆದರೆ ಅದೇ ಹಣಕ್ಕೆ ದೊರೆಯುವ ಜಾಗ ಕಡಿಮೆ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿ ಇಡುವುದಕ್ಕೂ ಅದು ಅಷ್ಟು ಸೂಕ್ತವಲ್ಲ.

ಡಿಸ್ಕನ್ನು ಎಲ್ಲ ಯಂತ್ರಗಳಿಗೂ ಮುಟ್ಟಿಸುವುದು ಹೇಗೆ? ವೈಫೈ ರೌಟರಿನ ಹಿಂಭಾಗದಲ್ಲಿ ಯುಎಸ್‌ಬಿ ಕಿಂಡಿಯಿದ್ದರೆ ಅಲ್ಲಿಗೇ ಸಿಕ್ಕಿಸಿ ಎಲ್ಲರೂ ನಿಸ್ತಂತುವಾಗಿ ಬಳಸಬಹುದು ಎಂಬುದು ಆಕರ್ಷಕವಾಗಿ ಕಾಣುತ್ತದೆ. ನನ್ನ ಸಲಹೆ ಅದಲ್ಲ. 300 ಗಿಗಾಬೈಟ್‌ನಷ್ಟು ದೊಡ್ಡ ಕಡತಗಳನ್ನು ಯುಎಸ್‌ಬಿ 3 ತಂತಿಯ ಮೂಲಕ ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಕಳಿಸಿದರೆ 50 ನಿಮಿಷ ಸಾಕು. ವೈಫೈಯಲ್ಲಿ ಸೆಕೆಂಡಿಗೆ 25 ಮೆಗಾಬೈಟ್ ದೊರೆತರೂ ಮೂರು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಸಾವಿರಾರು ಸಣ್ಣ ಚಿತ್ರಗಳಾದರೆ ಎರಡೂ ಕಡೆ ಇನ್ನಷ್ಟು ನಿಧಾನ. ಅದಕ್ಕಿಂತ ಮುಖ್ಯವಾಗಿ, ಹಾಗೆ ಸದಾ ಸಂಪರ್ಕದಲ್ಲಿರುವ ಡಿಸ್ಕ್ ಮನೆಯ ಯಾವ ಯಂತ್ರಕ್ಕೆ ಸೋಂಕು ತಗುಲಿದರೂ ಅದರ ಕೈಗೆ ಸಿಗುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ ಎಂಬ ಒತ್ತೆ-ತಂತ್ರಾಂಶ ಗಣಕದೊಳಗಿನ ಕಡತಗಳನ್ನು ಮಾತ್ರವಲ್ಲ, ಅದಕ್ಕೆ ಜೋಡಿಸಿದ್ದ ಡಿಸ್ಕುಗಳಲ್ಲಿನ ಕಡತಗಳನ್ನೂ ಬೀಗ ಹಾಕಿ ಹಣ ಕೇಳಿತು. ಬ್ಯಾಕಪ್ ಡಿಸ್ಕ್ ಸಿಕ್ಕಿಸಿಯೇ ಇಟ್ಟಿದ್ದವರಿಗೆ ಅದೂ ಉಳಿಯಲಿಲ್ಲ. ಡಿಸ್ಕನ್ನು ಕೈಯಲ್ಲಿ ಹಿಡಿದು ಒಂದೊಂದು ಯಂತ್ರದ ಬಳಿಗೂ ಹೋಗಿ, ಕೆಲಸ ಮುಗಿದ ಮೇಲೆ ಬಿಚ್ಚಿ ಕಪಾಟಿನಲ್ಲಿಡುವ ಕ್ರಮ ಹಳೆಯದೆನಿಸಿದರೂ ಮನೆಗೆ ಅದೇ ಕ್ಷೇಮ.

ವಿಂಡೋಸ್ ಮತ್ತು ಮ್ಯಾಕ್

ಮನೆಯ ಯಂತ್ರಗಳೆಲ್ಲ ವಿಂಡೋಸ್ ಆಗಿದ್ದರೆ ಕೆಲಸ ಸರಳ. ಡಿಸ್ಕನ್ನು ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಸಿದ್ಧಗೊಳಿಸಿಕೊಳ್ಳಿ. ಹಳೆಯ ಫ್ಯಾಟ್32 ಮಾದರಿಯಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಮದುವೆಯ ವಿಡಿಯೋ ಅಲ್ಲಿಯೇ ಮುಗ್ಗರಿಸುತ್ತದೆ. 2012ರಲ್ಲಿ ವಿಂಡೋಸ್ 8ರೊಡನೆ ಬಂದ ‘ಫೈಲ್ ಹಿಸ್ಟರಿ’ ಎಂಬ ಸೌಲಭ್ಯ ವಿಂಡೋಸ್ 11ರಲ್ಲೂ ಕಂಟ್ರೋಲ್ ಪ್ಯಾನಲ್‌ನಲ್ಲಿದೆ. ಪ್ರತಿಯೊಂದು ಗಣಕದಲ್ಲೂ ಅದನ್ನು ತೆರೆದು, ಇದೇ ಡಿಸ್ಕನ್ನು ಆರಿಸಿ, ಚಾಲನೆಗೊಳಿಸಬೇಕು. ಡಿಸ್ಕಿನೊಳಗೆ ಅದು ಬಳಕೆದಾರರ ಹೆಸರಿನ ಕೆಳಗೆ ಗಣಕದ ಹೆಸರಿನಲ್ಲಿ ಪ್ರತ್ಯೇಕ ಕಡತಕೋಶ ಮಾಡಿಕೊಳ್ಳುವುದರಿಂದ ಒಬ್ಬರದು ಇನ್ನೊಬ್ಬರದರೊಡನೆ ಬೆರೆಯುವುದಿಲ್ಲ. ಹೊಸ ಗಣಕಗಳಿಗೆ ತಯಾರಕರು ಅಕ್ಷರ-ಅಂಕಿಗಳ ಕಲಸುಮೇಲೋಗರದ ಹೆಸರಿಟ್ಟಿರುತ್ತಾರೆ. ಮೊದಲೇ ಅದನ್ನು ಬದಲಿಸಿ, ರೋಮನ್ ಲಿಪಿಯಲ್ಲಿ ‘ಹಾಲ್’, ‘ಮಗಳು’ ಎಂಬಂತೆ ಗುರುತು ಹಿಡಿಯುವ ಹೆಸರಿಟ್ಟರೆ ಮುಂದೆ ಹುಡುಕುವಾಗ ತೊಂದರೆಯಿಲ್ಲ. ಎರಡು ಯಂತ್ರಗಳಿಗೆ ಒಂದೇ ಹೆಸರು ಇರಲೇಬಾರದು.

ಫೈಲ್ ಹಿಸ್ಟರಿಯ ದೊಡ್ಡ ಗುಣವೆಂದರೆ ಅದು ಬದಲಾದ ಕಡತದ ಹಳೆಯ ಆವೃತ್ತಿಯನ್ನು ಅಳಿಸದೆ, ಹೆಸರಿನ ಜೊತೆಗೆ ದಿನಾಂಕ ಮತ್ತು ವೇಳೆಯನ್ನು ಸೇರಿಸಿ ಇಟ್ಟುಕೊಳ್ಳುವುದು. ಲೆಕ್ಕದ ಕಡತವೊಂದನ್ನು ಯಾರೋ ತಪ್ಪಾಗಿ ತಿದ್ದಿ ಎರಡು ವಾರ ಕಳೆದ ಮೇಲೆ ತಿಳಿದರೂ ಅದರ ಹಿಂದಿನ ರೂಪ ಸಿಗುತ್ತದೆ. ಕಡತಗಳು ಸಾಮಾನ್ಯ ರೂಪದಲ್ಲೇ ಇರುವುದರಿಂದ ಬೇರೆ ಯಾವ ವಿಂಡೋಸ್ ಯಂತ್ರದಲ್ಲಾದರೂ ನೇರವಾಗಿ ತೆರೆದು ನೋಡಬಹುದು. ಕಡತಕೋಶಗಳನ್ನು ಯಥಾವತ್ತಾಗಿ ಪ್ರತಿಬಿಂಬಿಸುವ ತಂತ್ರಾಂಶಗಳಲ್ಲಿ ಈ ರಕ್ಷಣೆ ತಾನಾಗಿ ದೊರೆಯುವುದಿಲ್ಲ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ‘ಸಿಂಕ್’ ಎಂಬ ಹೆಸರಿನ ಸೌಲಭ್ಯಗಳನ್ನು ಬ್ಯಾಕಪ್ ಎಂದು ತಿಳಿಯುವವರು ನಮ್ಮಲ್ಲಿ ಬಹಳ ಮಂದಿ. ಅವೆರಡರ ಉದ್ದೇಶವೇ ಬೇರೆ.

ಆದರೆ ಹಂಚಿಕೊಂಡ ಡಿಸ್ಕಿನಲ್ಲಿ ಇದರ ಒಂದು ಪೂರ್ವನಿಗದಿಯನ್ನು ಬದಲಿಸುವುದು ಅಗತ್ಯ. ಹಳೆಯ ಆವೃತ್ತಿಗಳನ್ನು ‘ಎಂದೆಂದಿಗೂ’ ಇಡು ಎಂಬುದು ಅದರ ಮೂಲ ಆಯ್ಕೆ. ಮೂವರು ಹೀಗೆ ಇಡುತ್ತ ಹೋದರೆ ಡಿಸ್ಕ್ ಬೇಗನೆ ತುಂಬಿ, ಕೊನೆಯಲ್ಲಿ ಬಂದವರ ಕಡತಗಳಿಗೆ ಜಾಗವೇ ಇರುವುದಿಲ್ಲ. ಒಂದು ವರ್ಷ ಅಥವಾ ಎರಡು ವರ್ಷ ಎಂದು ಆರಿಸಿಕೊಳ್ಳಿ. ಇನ್ನು, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮುಂತಾದ ಕೆಲವು ನಿಗದಿತ ಕಡತಕೋಶಗಳನ್ನಷ್ಟೇ ಅದು ಉಳಿಸುತ್ತದೆ ಎಂಬುದೂ ನೆನಪಿರಲಿ. ಡಿ ಡ್ರೈವ್‌ನಲ್ಲಿ ‘ಹೊಸ ಫೋಲ್ಡರ್’ ಎಂದು ಮಾಡಿ ಇಟ್ಟಿರುವ ಹತ್ತು ವರ್ಷದ ಚಿತ್ರಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಹೋಟೆಲು, ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಟ್ಯಾಲಿಯಲ್ಲಿ ಬರೆಯುವವರು ಅದರ ದತ್ತಾಂಶದ ಕಡತಕೋಶ ಎಲ್ಲಿದೆಯೆಂದು ನೋಡಿಕೊಂಡು ಪ್ರತ್ಯೇಕವಾಗಿ ಸೇರಿಸಬೇಕು. ಬ್ಯಾಕಪ್ ನಡೆಯುವಾಗ ಟ್ಯಾಲಿ, ಔಟ್‌ಲುಕ್‌ಗಳನ್ನು ಮುಚ್ಚಿರಲಿ. ತೆರೆದಿರುವ ಕಡತದ ಪ್ರತಿ ಪೂರ್ಣವಾಗದೆ ಹೋಗಬಹುದು.

ಇನ್ನೊಂದು ಬಲೆಯೂ ಇದೆ. ಒನ್‌ಡ್ರೈವ್ ಅಥವಾ ಆಪಲ್‌ನ ಐಕ್ಲೌಡ್ ಬಳಸುವವರ ಪರದೆಯ ಮೇಲೆ ಕಡತದ ಹೆಸರು ಕಂಡರೂ ಕಡತ ಯಂತ್ರದಲ್ಲಿ ಇಲ್ಲದಿರುವುದುಂಟು. ಜಾಗ ಉಳಿಸಲೆಂದು ಅದನ್ನು ದೂರದ ಸರ್ವರ್‌ನಲ್ಲಿಟ್ಟು ಇಲ್ಲಿ ಬರಿಯ ಗುರುತನ್ನು ಮಾತ್ರ ಬಿಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ಅಂಥ ಕಡತದ ಪಕ್ಕ ಸಣ್ಣ ಮೋಡದ ಚಿಹ್ನೆ ಇರುತ್ತದೆ. ಮುಖ್ಯವಾದವುಗಳನ್ನು ‘ಸದಾ ಈ ಯಂತ್ರದಲ್ಲಿಡು’ ಎಂದು ಆರಿಸಿ ಕೆಳಗಿಳಿಸಿಕೊಂಡ ಮೇಲೆಯೇ ಪ್ರತಿ ತೆಗೆಯಿರಿ.

ಮ್ಯಾಕ್ ಇರುವ ಮನೆಯಲ್ಲಿ ವಿಷಯ ತುಸು ಜಟಿಲ. ಮ್ಯಾಕ್‌ನ ‘ಟೈಮ್ ಮಶೀನ್’ ಎನ್‌ಟಿಎಫ್‌ಎಸ್ ಡಿಸ್ಕಿನ ಮೇಲೆ ಕೆಲಸ ಮಾಡದು. ಮ್ಯಾಕ್ ಅದನ್ನು ಓದುತ್ತದೆಯೇ ಹೊರತು ಬೇರೆ ತಂತ್ರಾಂಶದ ನೆರವಿಲ್ಲದೆ ಬರೆಯುವುದಿಲ್ಲ. ಟೈಮ್ ಮಶೀನ್‌ಗೆ ಆಪಲ್‌ನದೇ ಮಾದರಿ ಬೇಕು. 2020ರ ಬಿಗ್ ಸರ್ ಆವೃತ್ತಿಯಿಂದೀಚೆಗೆ ಅದು ಎಪಿಎಫ್‌ಎಸ್. ಆದ್ದರಿಂದ ಡಿಸ್ಕನ್ನು ಎರಡು ವಿಭಾಗ ಮಾಡಬೇಕಾಗುತ್ತದೆ. ಹೊಸ ಡಿಸ್ಕ್ ಖಾಲಿಯಿರುವಾಗಲೇ ಮ್ಯಾಕ್‌ನ ಡಿಸ್ಕ್ ಯುಟಿಲಿಟಿಯಲ್ಲಿ ಜಿಯುಐಡಿ ವಿಧಾನವನ್ನು ಆರಿಸಿ, ಒಂದು ವಿಭಾಗವನ್ನು ಎಪಿಎಫ್‌ಎಸ್ ಎಂದೂ ಇನ್ನೊಂದನ್ನು ಎಕ್ಸ್‌ಫ್ಯಾಟ್ ಎಂದೂ ಮಾಡಿ, ಬಳಿಕ ಆ ಎರಡನೆಯದನ್ನು ವಿಂಡೋಸ್ ಯಂತ್ರದಲ್ಲಿ ಎನ್‌ಟಿಎಫ್‌ಎಸ್ ಮಾದರಿಗೆ ಬದಲಿಸಿಕೊಳ್ಳಿ. ಟೈಮ್ ಮಶೀನ್ ತನಗೆ ಸಿಕ್ಕ ಜಾಗವನ್ನೆಲ್ಲ ತುಂಬಿದ ಮೇಲಷ್ಟೇ ಹಳೆಯದನ್ನು ಅಳಿಸುವ ಸ್ವಭಾವದ್ದು. ಹೀಗೆ ಎಲ್ಲೆ ಹಾಕಿಕೊಟ್ಟರೆ ಮಾತ್ರ ಉಳಿದವರ ಜಾಗ ಸುರಕ್ಷಿತ.

ಈ ವ್ಯವಸ್ಥೆಯಲ್ಲಿ ಒಂದು ಅಪಾಯದ ಕ್ಷಣವಿದೆ. ಇನ್ನೊಂದು ವ್ಯವಸ್ಥೆಯ ವಿಭಾಗವನ್ನು ಕಂಡು ಅರ್ಥವಾಗದ ವಿಂಡೋಸ್, ‘ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳುವುದುಂಟು. ಹೊಸ ಡಿಸ್ಕನ್ನು ಕಂಡ ಮ್ಯಾಕ್ ಕೂಡ ‘ಇದನ್ನು ಟೈಮ್ ಮಶೀನ್‌ಗೆ ಬಳಸಲೇ?’ ಎಂದು ವಿನಯದಿಂದ ವಿಚಾರಿಸುತ್ತದೆ. ಓದದೆ ಒಪ್ಪಿಗೆ ಒತ್ತಿದರೆ ಮನೆಯವರ ಬ್ಯಾಕಪ್ ಅಳಿಸಿಹೋಗಬಹುದು. ‘ಏನೇ ಕೇಳಿದರೂ ಬೇಡ ಎನ್ನಿ, ಆಮೇಲೆ ನನ್ನನ್ನು ಕರೆಯಿರಿ’ ಎಂದು ಮನೆಯ ಹಿರಿಯರಿಗೂ ಕಿರಿಯರಿಗೂ ಹೇಳಿಡುವವರೊಬ್ಬರು ಇರಬೇಕು. ಇಷ್ಟು ಎಚ್ಚರಿಕೆ ಸಾಧ್ಯವಿಲ್ಲವೆನಿಸಿದರೆ ಮ್ಯಾಕ್‌ಗೆಂದೇ ಬೇರೊಂದು ಸಣ್ಣ ಡಿಸ್ಕ್ ಕೊಳ್ಳುವುದು ಜಾಣತನ. ಒಂದೇ ಇರಬೇಕೆಂಬ ಹಟವೇನೂ ಬೇಡ.

ಕನ್ನಡ ಕಡತಗಳ ತೊಡಕು

ನಮ್ಮ ಓದುಗರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಯುನಿಕೋಡ್ ರೂಢಿಗೆ ಬರುವ ಮೊದಲು, ಆನಂತರವೂ ಬಹುಕಾಲ, ನಮ್ಮಲ್ಲಿ ಅನೇಕರು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡುತ್ತಿದ್ದರು. ಸಂಘದ ನಡಾವಳಿಗಳು, ಸ್ಮರಣಸಂಚಿಕೆಯ ಲೇಖನಗಳು, ತಂದೆಯವರು ಬರೆದ ಆತ್ಮಕಥನ, ಮನೆತನದ ವಂಶಾವಳಿ ಇವೆಲ್ಲ ಅಂಥ ಕಡತಗಳಲ್ಲಿವೆ. ಅವುಗಳೊಳಗೆ ನಿಜಕ್ಕೂ ಇರುವುದು ಕನ್ನಡ ಅಕ್ಷರಗಳ ಸಂಕೇತಗಳಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಅವಕ್ಕೆ ಕನ್ನಡದ ರೂಪ ಕೊಡುತ್ತಿದ್ದದ್ದು ಆ ಫಾಂಟ್. ಫಾಂಟ್ ಇರುವುದಾದರೂ ಎಲ್ಲಿ? ವಿಂಡೋಸ್‌ನ ಒಳಗಿನ ಫಾಂಟ್ಸ್ ಕಡತಕೋಶದಲ್ಲಿ. ಬ್ಯಾಕಪ್‌ಗೆ ಅದು ಸಾಮಾನ್ಯವಾಗಿ ಸೇರುವುದೇ ಇಲ್ಲ. ಯಂತ್ರ ಕೆಟ್ಟು, ಹೊಸದರಲ್ಲಿ ಬ್ಯಾಕಪ್‌ನಿಂದ ಕಡತ ತೆರೆದಾಗ ಒಂದಕ್ಷರವೂ ಕಳೆದಿರುವುದಿಲ್ಲ, ಆದರೆ ಒಂದಕ್ಷರವನ್ನೂ ಓದಲಾಗುವುದಿಲ್ಲ.

ಆದ್ದರಿಂದ ಡಿಸ್ಕಿನಲ್ಲಿ ‘ಕನ್ನಡ’ ಎಂಬ ಕಡತಕೋಶವೊಂದನ್ನು ಮಾಡಿ, ಹಳೆಯ ಗಣಕದಲ್ಲಿರುವ ಕನ್ನಡ ಫಾಂಟುಗಳನ್ನೂ ಆ ತಂತ್ರಾಂಶಗಳ ಸ್ಥಾಪನಾ ಕಡತಗಳನ್ನೂ ಅದರಲ್ಲಿಡಿ. ಮುಖ್ಯವಾದ ಬರೆಹಗಳನ್ನು ಆ ಗಣಕ ಇನ್ನೂ ನಡೆಯುತ್ತಿರುವಾಗಲೇ ಪಿಡಿಎಫ್ ಮಾಡಿಕೊಳ್ಳಿ. ಪಿಡಿಎಫ್‌ನೊಳಗೆ ಫಾಂಟ್ ಸೇರಿಕೊಳ್ಳುವುದರಿಂದ ಎಲ್ಲಿ ತೆರೆದರೂ ಓದಲು ಬರುತ್ತದೆ. ಬರಹ ತಂತ್ರಾಂಶದ ಜೊತೆಗೆ ಬರುವ ಪರಿವರ್ತಕದಂಥ ಸಾಧನಗಳಿಂದ ಯುನಿಕೋಡ್‌ಗೆ ಬದಲಿಸಿದರೆ ಇನ್ನೂ ಉತ್ತಮ. ಆಗ ಪಠ್ಯದೊಳಗೆ ಹುಡುಕಲೂ ಬರುತ್ತದೆ. ಪರಿವರ್ತನೆಯಲ್ಲಿ ಒತ್ತಕ್ಷರಗಳು, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುವ ಸಂಭವವಿರುವುದರಿಂದ ಮೂಲ ಕಡತವನ್ನು ಅಳಿಸಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಅನೇಕರು ಹಳೆಯ ಯಂತ್ರಗಳನ್ನು ವಿಲೇವಾರಿ ಮಾಡುತ್ತಿದ್ದಾರೆ. ಹಳೆಯ ಕನ್ನಡ ಕಡತಗಳಿರುವುದು ಹೆಚ್ಚಾಗಿ ಅಂಥ ಯಂತ್ರಗಳಲ್ಲಿಯೇ. ಸಂಘ-ಸಂಸ್ಥೆಗಳ ಕಾರ್ಯದರ್ಶಿಗಳಾಗಿದ್ದವರು ಇದನ್ನು ತಮ್ಮ ಮನೆಯ ಮಾತೆಂದಷ್ಟೇ ತಿಳಿಯಬಾರದು. ದಶಕಗಳ ನಡಾವಳಿ ಅವರ ಮನೆಯ ಗಣಕವೊಂದರಲ್ಲೇ ಉಳಿದಿರುವುದುಂಟು.

ಡಿಸ್ಕನ್ನು ಎಲ್ಲಿಡಬೇಕು?

ಗಣಕವೂ ಬ್ಯಾಕಪ್ ಡಿಸ್ಕೂ ಒಂದೇ ಮೇಜಿನ ಮೇಲಿದ್ದರೆ ಬೆಂಕಿಗೆ, ನೀರಿಗೆ, ಕಳ್ಳನಿಗೆ ಎರಡೂ ಒಟ್ಟಿಗೇ ಸಿಗುತ್ತವೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಹಡಿಯ ಮನೆಗಳಲ್ಲಿ ಏನಾಯಿತೆಂಬುದು ಅಲ್ಲಿದ್ದವರಿಗೆ ಹೇಳಬೇಕಾಗಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈಯವರೂ ಅದನ್ನು ಕಂಡರು. ಪ್ರತಿಗಳು ಒಟ್ಟು ಮೂರು, ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲೊಂದು ಮನೆಯ ಹೊರಗೆ ಎಂಬ ಸೂತ್ರವನ್ನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದರು. ಮನೆಮಟ್ಟಿಗೆ ಇದನ್ನು ಪಾಲಿಸುವ ಸುಲಭೋಪಾಯವೆಂದರೆ ಅಷ್ಟೇ ದೊಡ್ಡ ಇನ್ನೊಂದು ಡಿಸ್ಕ್ ಕೊಂಡು, ಅದನ್ನು ಅಣ್ಣನ ಮನೆಯಲ್ಲೋ ಬ್ಯಾಂಕಿನ ಲಾಕರಿನಲ್ಲೋ ಇಡುವುದು. ಬೇಸಿಗೆ ರಜೆಗೂ ದೀಪಾವಳಿಗೂ ಊರಿಗೆ ಹೋಗುವವರು ಒಂದನ್ನು ಊರಿನಲ್ಲಿ ಬಿಟ್ಟು ಇನ್ನೊಂದನ್ನು ತರುವ ಪದ್ಧತಿಯನ್ನೂ ಇಟ್ಟುಕೊಳ್ಳಬಹುದು. ಅಂತರಜಾಲದ ಸಂಗ್ರಹಣೆ ಅನುಕೂಲವೇ. ಆದರೆ ಉಚಿತವಾಗಿ ದೊರೆಯುವ ಜಾಗ ಅಲ್ಪ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹಣೆ 2021ರ ಜೂನ್ 1ಕ್ಕೆ ಕೊನೆಗೊಂಡಿತು.

ಮನೆಯಾಚೆ ಹೋಗುವ ಡಿಸ್ಕಿನಲ್ಲಿ ಆಧಾರ್, ಪಾನ್, ಬ್ಯಾಂಕಿನ ಕಾಗದಗಳ ಪ್ರತಿಗಳಿರುವುದರಿಂದ ಅದಕ್ಕೆ ಗೂಢಲಿಪಿಯ ಬೀಗ ಹಾಕಬೇಕು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಇದೆ. ಹೋಮ್ ಆವೃತ್ತಿಯವರು ಹಾಗೆ ಬೀಗ ಹಾಕಿದ ಡಿಸ್ಕನ್ನು ತೆರೆಯಬಲ್ಲರು, ತಾವೇ ಹಾಕಲಾರರು. ಅವರಿಗೆ ಉಚಿತವಾದ ವೆರಾಕ್ರಿಪ್ಟ್ ಇದೆ. ಟೈಮ್ ಮಶೀನ್‌ನಲ್ಲಿ ಇದು ಒಂದು ಆಯ್ಕೆಯಷ್ಟೆ. ಗುಪ್ತಪದ ಮಾತ್ರ ಒಬ್ಬರ ತಲೆಯಲ್ಲೇ ಉಳಿಯಬಾರದು. ಮನೆಯ ಯಜಮಾನರು ಹಠಾತ್ತನೆ ತೀರಿಕೊಂಡ ಮೇಲೆ ಹೆಂಡತಿ-ಮಕ್ಕಳಿಗೆ ಆ ಡಿಸ್ಕ್ ತೆರೆಯದ ಕಲ್ಲಾಗುತ್ತದೆ, ಅದನ್ನು ತೆರೆದುಕೊಡುವ ಶಕ್ತಿ ಯಾವ ಕಂಪನಿಗೂ ಇಲ್ಲ. ಗುಪ್ತಪದವನ್ನು ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಇಡಿ. ಕನಿಷ್ಠ ಇಬ್ಬರಿಗೆ ಆ ಜಾಗ ತಿಳಿದಿರಲಿ.

ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೆಲಸವನ್ನು ಅವಲಂಬಿಸಿದೆ. ಚಿತ್ರ, ಪತ್ರಗಳಷ್ಟೇ ಇರುವ ಯಂತ್ರಕ್ಕೆ ತಿಂಗಳಿಗೊಮ್ಮೆ ಸಾಕು. ದಿನಾಂಕ ಮರೆಯುವವರು ಅಮಾವಾಸ್ಯೆ ಎಂದಿಟ್ಟುಕೊಂಡರೆ ಪಂಚಾಂಗವೇ ನೆನಪಿಸುತ್ತದೆ. ಲೆಕ್ಕಪತ್ರ ಬರೆಯುವವರಿಗೆ, ಪ್ರಬಂಧ ಸಿದ್ಧಪಡಿಸುತ್ತಿರುವ ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆಯಾದರೂ ಬೇಕು. 2011ರಿಂದ ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನವೆಂದು ಆಚರಿಸಲಾಗುತ್ತಿದೆ. ನಮ್ಮಲ್ಲಿ ಅದು ಲೆಕ್ಕದ ವರ್ಷ ಮುಗಿಯುವ ದಿನವೂ ಹೌದಾದ್ದರಿಂದ ಆ ವರ್ಷದ ತೆರಿಗೆಯ ಕಡತಗಳನ್ನು ಒಟ್ಟುಗೂಡಿಸಿ ಸೇರಿಸಲು ತಕ್ಕ ದಿನ.

ಪ್ರತಿ ತೆಗೆದ ಮಾತ್ರಕ್ಕೆ ಕೆಲಸ ಮುಗಿಯದು. ಅದು ತೆರೆಯುತ್ತದೆಯೇ ಎಂದು ನೋಡಬೇಕು. ಆಯುಧಪೂಜೆಯಂದು ಗಣಕಕ್ಕೆ ಕುಂಕುಮವಿಟ್ಟು ಹೂ ಮುಡಿಸುವ ಮನೆಗಳಲ್ಲಿ, ಅದರ ಹಿಂದಿನ ದಿನ ಒಬ್ಬರ ಕಡತಗಳನ್ನು ಇನ್ನೊಬ್ಬರ ಯಂತ್ರದಲ್ಲಿ ತೆರೆದು ಪರೀಕ್ಷಿಸಬಹುದು. ಹಳೆಯದೊಂದು ಚಿತ್ರ, ಇತ್ತೀಚಿನದೊಂದು ಪತ್ರ, ದೊಡ್ಡದೊಂದು ವಿಡಿಯೋ, ಕನ್ನಡದ ಕಡತವೊಂದು ಇಷ್ಟು ತೆರೆದು ನೋಡಿದರೆ ಸಾಕು. ಟೈಮ್ ಮಶೀನ್‌ನ ಪ್ರತಿಯನ್ನು ಪರೀಕ್ಷಿಸಲು ಮಾತ್ರ ಮ್ಯಾಕ್‌ನದೇ ಯಂತ್ರ ಬೇಕು.

ತಿರುಗುವ ಡಿಸ್ಕಿಗೂ ಮುಪ್ಪುಂಟು. ಐದಾರು ವರ್ಷ ದುಡಿದ ಡಿಸ್ಕನ್ನು ಸದ್ದು ಮಾಡುವವರೆಗೆ ಕಾಯದೆ ಬದಲಿಸುವುದು ಒಳ್ಳೆಯದು. ಹಳೆಯದನ್ನು ಗುಜರಿಗೆ ಕೊಡುವ ಮುನ್ನ ವಿಂಡೋಸ್‌ನಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಎಂಬುದರ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿ. ಗುರುತು ಹಾಗೆಯೇ ಇದ್ದರೆ ಕಡತಗಳ ಪಟ್ಟಿ ಮಾತ್ರ ಅಳಿದು ಒಳಗಿನದು ಉಳಿದಿರುತ್ತದೆ, ತೆಗೆದರೆ ಇಡೀ ಡಿಸ್ಕಿನ ಮೇಲೆ ಸೊನ್ನೆಗಳು ಬರೆಯಲ್ಪಡುತ್ತವೆ. ಇದಕ್ಕೆ ಹಲವು ಗಂಟೆ ಹಿಡಿಯುವುದರಿಂದ ರಾತ್ರಿ ಮಲಗುವ ಮುನ್ನ ಹಚ್ಚಿಡುವುದು ಅನುಕೂಲ.